ಕ್ಯಾಸೆಟ್ಟಿನ ದನಿ ಕಂಪ್ಯೂಟರಿಗೆ: ಆಲ್-ಇನ್-ಒನ್ ಆಡಿಯೋ ಸಾಫ್ಟ್‌ವೇರನ್ನ ಹೇಗೆ ಅಳೆಯೋದು

ನಮ್ಮ ದೊಡ್ಡಪ್ಪ ಹವ್ಯಾಸಿ ಅರ್ಥಧಾರಿ, ಅಂದ್ರೆ ವೇಷ-ಕುಣಿತ ಇಲ್ಲದ ಯಕ್ಷಗಾನವಾದ ತಾಳಮದ್ದಳೆಯಲ್ಲಿ ಕೂತು ಪಾತ್ರದ ಮಾತಾಡೋರು, ಅದಕ್ಕೆ ಅರ್ಥ ಹೇಳೋದು ಅಂತಾರೆ. ಸುತ್ತಮುತ್ತ ಎಲ್ಲಿ ತಾಳಮದ್ದಳೆ ಆದ್ರೂ ಒಂದು ಟೇಪ್ ರೆಕಾರ್ಡರ್ ಹಿಡ್ಕೊಂಡು ಹೋಗಿ ವೇದಿಕೆ ಮೂಲೇಲಿ ಇಟ್ಟುಬಿಡ್ತಿದ್ರು, ಹಾಗೆ ಉಳಿದಿದ್ದು ಎರಡು ಬಿಸ್ಕೆಟ್ ಡಬ್ಬಿ ತುಂಬ 41 ಕ್ಯಾಸೆಟ್ಟು. ಅವರು ಹೋದಮೇಲೆ ಡಬ್ಬಿ ನನ್ನ ಪಾಲಿಗೆ ಬಂತು, ಮನೇಲಿ ಕಂಪ್ಯೂಟರ್ ಗೊತ್ತಿರೋನು ನಾನೊಬ್ಬನೇ ಅಂತ. ಇದನ್ನೆಲ್ಲ ಪೆನ್‌ಡ್ರೈವಿಗೆ ಹಾಕಿ ಕೊಡೋದೇನು ಮಹಾ, ಯಾವುದೋ ಒಂದು ಆಲ್-ಇನ್-ಒನ್ ಸಾಫ್ಟ್‌ವೇರ್ ಹಾಕ್ಕೊಂಡ್ರೆ ಆಯ್ತು ಅಂದ್ಕೊಂಡಿದ್ದೆ.

ಆಗಲಿಲ್ಲ. ಅಥವಾ ಆಯ್ತು, ಆದ್ರೆ ನಾಲ್ಕೈದು ಸಾಫ್ಟ್‌ವೇರ್ ಹಾಕಿ ತೆಗೆದು, ಒಂದಕ್ಕೆ ದುಡ್ಡನ್ನೂ ಕೊಟ್ಟು ಕಳ್ಕೊಂಡ ಮೇಲೆ. ಈಗ ಮನೆಯಲ್ಲೇ ಇಂಥ ಕೆಲಸ ಮಾಡ್ಬೇಕು ಅನ್ನೋರು ಯಾವುದು ಒಳ್ಳೇದು ಅಂತ ಕೇಳಿದ್ರೆ ನಾನು ಹೆಸರು ಹೇಳೋ ಮುಂಚೆ ಒಂದು ಮಾತು ಹೇಳ್ತೀನಿ. ನಿಮ್ಮ ಹತ್ರ ಇರೋದ್ರಲ್ಲಿ ಅತಿ ಕೆಟ್ಟ ಹತ್ತು ನಿಮಿಷ ಯಾವುದೋ ಅದನ್ನ ಆರಿಸ್ಕೊಳ್ಳಿ, ಅದನ್ನ ಮೊದಲಿಂದ ಕೊನೇವರೆಗೆ, ಅಂದ್ರೆ ಟೇಪಿಂದ ಹಿಡಿದು ಕೇಳೋರ ಕೈಗೆ ಫೈಲು ಸೇರೋ ತನಕ, ಆ ಸಾಫ್ಟ್‌ವೇರಲ್ಲಿ ಓಡಿಸಿ ನೋಡಿ. ಫೀಚರ್ ಪಟ್ಟಿ ಓದ್ಬೇಡಿ. ನನ್ನ ಹತ್ತು ನಿಮಿಷ ವಾಲಿ-ಸುಗ್ರೀವರ ಪ್ರಸಂಗದ್ದು: ಒಂದೇ ಸಮ ಸುಂಯ್ ಅನ್ನೋ ಟೇಪಿನ ಹಿಸ್, ಮೈಕ್ ಸೆಟ್ಟಿನವರ ಕಡೆಯಿಂದ ಗುಂಯ್ ಅನ್ನೋ ಕರೆಂಟಿನ ಸದ್ದು, ಹತ್ತಿರದಲ್ಲೇ ಚಂಡೆ, ಎಲ್ಲೋ ದೂರದಲ್ಲಿ ದೊಡ್ಡಪ್ಪ.

ಆಲ್-ಇನ್-ಒನ್ ಅಂದ್ರೆ ನಿಜವಾಗಿ ಒಳಗೇನಿರತ್ತೆ? ರೆಕಾರ್ಡ್ ಮಾಡೋದು, ಕತ್ತರಿಸಿ ಜೋಡಿಸೋದು, ಗಲಾಟೆ ತೆಗೆಯೋದು, ಮಟ್ಟ ಸರಿಮಾಡೋದು, ಬೇರೆ ಫಾರ್ಮ್ಯಾಟಿಗೆ ಬದಲಿಸೋದು, ಹೆಸರು-ಟ್ಯಾಗ್ ಹಾಕೋದು, ಸಿಡಿ ಬರೆಯೋದು. ಇವೆಲ್ಲ ಬೇರೆ ಬೇರೆ ಕಸುಬು, ಒಂದೇ ಅಂಗಡಿ ಬೋರ್ಡಿನ ಕೆಳಗೆ ಕೂರಿಸಿದ್ದಾರೆ ಅಷ್ಟೇ. ಒಂದು ಕಾಲಕ್ಕೆ ಈ ಕಟ್ಟಿಗೆ ಅರ್ಥವಿತ್ತು. ಎಂಪಿ3 ಮೇಲೆ ಪೇಟೆಂಟ್ ಇತ್ತು, ಅದರ ಲೈಸೆನ್ಸ್ ವ್ಯವಹಾರ ನಿಂತಿದ್ದೇ 2017ರಲ್ಲಿ, ಅಲ್ಲೀವರೆಗೆ ಪುಕ್ಕಟೆ ಸಾಫ್ಟ್‌ವೇರಿನವರು ಎಂಪಿ3 ಬರೆಯೋ ಭಾಗವನ್ನ ಜೊತೆಗೆ ಕೊಡ್ತಿರಲಿಲ್ಲ. ಆಡಾಸಿಟಿ ಅನ್ನೋ ಪುಕ್ಕಟೆ ಎಡಿಟರ್ ಬಳಸಿದ ಹಳಬರಿಗೆ ನೆನಪಿರಬಹುದು, ಎಂಪಿ3 ಬರೆಯೋಕೆ ಲೇಮ್ ಅನ್ನೋ ಫೈಲನ್ನ ಬೇರೆ ಕಡೆಯಿಂದ ತಂದು ಸೇರಿಸ್ಬೇಕಿತ್ತು, ಆ ರಗಳೆ ತಪ್ಪಿದ್ದು 2019ರ 2.3.2 ಆವೃತ್ತಿಯಲ್ಲಿ. ಸಿಡಿ ಬರೆಯೋಕೂ ಆಗ ಬೇರೆಯೇ ಸಾಫ್ಟ್‌ವೇರ್ ಬೇಕಿತ್ತು. ಇಂಥ ಹೊತ್ತಲ್ಲಿ ಒಂದೇ ಡಬ್ಬಿಯಲ್ಲಿ ಎಲ್ಲ ಅಂದ್ರೆ ಜನ ದುಡ್ಡು ಕೊಡ್ತಿದ್ರು. ಈಗ ಲ್ಯಾಪ್‌ಟಾಪಲ್ಲಿ ಸಿಡಿ ಡ್ರೈವೇ ಇಲ್ಲ, ಆದ್ರೂ ಜಾಹೀರಾತಲ್ಲಿ ಇಪ್ಪತ್ತು ಟೂಲ್, ಐವತ್ತು ಫಾರ್ಮ್ಯಾಟ್ ಅಂತ ಬರೀತಾನೇ ಇರ್ತಾರೆ.

ಮೊದಲು ರೆಕಾರ್ಡಿಂಗ್. ಇಲ್ಲಿ ಸಾಫ್ಟ್‌ವೇರಿನ ಪಾತ್ರ ತುಂಬ ಕಮ್ಮಿ, ಆದ್ರೆ ತಪ್ಪಾದ್ರೆ ಮುಂದೆ ಯಾವ ಸಾಫ್ಟ್‌ವೇರೂ ಕಾಪಾಡಲ್ಲ. ಟೇಪ್ ಡೆಕ್ಕಿನ ಹಿಂದಿನ ಲೈನ್ ಔಟನ್ನ ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿಗೆ ಚುಚ್ಚೋದು ಎಲ್ಲರೂ ಮಾಡೋ ಮೊದಲನೇ ತಪ್ಪು, ನಾನೂ ಮಾಡಿದ್ದೆ. ಆ ತೂತಲ್ಲಿ ಒಳಗೆ ಹೋಗೋದು ಮೈಕಿಗೆ ಅಂತ ಇರೋ ಒಂದೇ ಚಾನೆಲ್ಲು, ಮೈಕಿನ ಸಣ್ಣ ಸಿಗ್ನಲನ್ನ ದೊಡ್ಡದು ಮಾಡೋಕೆ ಕೂತಿರೋದು ಅದು, ಅಲ್ಲಿಗೆ ಡೆಕ್ಕಿನ ಜೋರಾದ ಸಿಗ್ನಲ್ ಹೋದ್ರೆ ದನಿ ಒಡೆದುಹೋಗತ್ತೆ. ಬೆರಿಂಗರ್ ಯುಸಿಎ202 ಥರದ ಸಣ್ಣ ಯುಎಸ್‌ಬಿ ಡಬ್ಬಿ ಸಿಗತ್ತೆ, ಕೆಂಪು-ಬಿಳಿ ಪಿನ್ ನೇರ ಹಾಕಬಹುದು, ಕ್ಯಾಸೆಟ್ಟಿಗೆ ಅಷ್ಟು ಧಾರಾಳ ಸಾಕು. ಮಟ್ಟದ ಮೀಟರಲ್ಲಿ ಅತಿ ಜೋರಾದ ಚಂಡೆ ಏಟು ಮೈನಸ್ 6 ಡಿಬಿ (ಡೆಸಿಬೆಲ್, ದನಿಯ ಮಟ್ಟದ ಅಳತೆ) ಆಸುಪಾಸಿಗೆ ನಿಲ್ಲೋ ಹಾಗೆ ಇಟ್ಕೊಳ್ಳಿ. ಸೊನ್ನೆ ಅಂದ್ರೆ ಮೀಟರಿನ ತುದಿ, ಅದನ್ನ ಮುಟ್ಟಿದ್ರೆ ಅಲೆಯ ತಲೆ ಕತ್ತರಿಸಿ ಹೋಗತ್ತೆ, ಆಮೇಲೆ ರಿಪೇರಿ ಟೂಲುಗಳು ಮಾಡೋದು ಏನಿದ್ರೂ ಅಂದಾಜಿನ ತೇಪೆ.

192 ಕಿಲೋಹರ್ಟ್ಸ್ (ಸೆಕೆಂಡಿಗೆ ಎಷ್ಟು ಸಾವಿರ ಸಲ ದನಿ ಅಳೆಯತ್ತೆ ಅನ್ನೋದು), 32 ಬಿಟ್ (ಒಂದೊಂದು ಅಳತೆ ಎಷ್ಟು ಸೂಕ್ಷ್ಮ ಅನ್ನೋದು) ಅಂತ ಬಡಾಯಿ ಕೊಚ್ಚೋ ಸಾಫ್ಟ್‌ವೇರಿಗೆ ಮರುಳಾಗ್ಬೇಡಿ. ಸಾಮಾನ್ಯ ಕ್ಯಾಸೆಟ್ಟಲ್ಲಿ ಅತಿ ಮೆಲ್ಲಗಿನ ದನಿಗೂ ಅತಿ ಜೋರಿನ ದನಿಗೂ ಇರೋ ಅಂತರ ಹೆಚ್ಚೂಕಮ್ಮಿ 50-60 ಡಿಬಿ, ಸಿಡಿಯ 16 ಬಿಟ್ಟಲ್ಲೇ 96 ಡಿಬಿ ಹಿಡಿಯತ್ತೆ. ಸೇರಿನ ಅಕ್ಕಿಗೆ ಕ್ವಿಂಟಾಲ್ ಚೀಲ ಯಾಕೆ. ಸಿಡಿ ಗುಣಮಟ್ಟ ಅಂದ್ರೆ ಸೆಕೆಂಡಿಗೆ 44,100 ಸಲ ಅಳತೆ, ಎರಡು ಚಾನೆಲ್ಲು. ನಿಮಿಷಕ್ಕೆ ಸುಮಾರು 10 ಎಂಬಿ ಆಗತ್ತೆ, 90 ನಿಮಿಷದ ಕ್ಯಾಸೆಟ್ಟಿಗೆ ಸರಿಸುಮಾರು 950 ಎಂಬಿ. ಎಡಿಟ್ ಮಾಡೋವಾಗ ಮಾತ್ರ ಒಳಗೊಳಗೆ 32 ಬಿಟ್ ಇರೋದು ಒಳ್ಳೇದು, ಅದು ಲೆಕ್ಕಾಚಾರದ ಸವಕಳಿ ಆಗದೆ ಇರ್ಲಿ ಅಂತ. ಇಡೀ ರಾತ್ರಿ ಯಕ್ಷಗಾನದ ಆಟದ ರೆಕಾರ್ಡಿಂಗ್ ಇದ್ದೋರಿಗೆ ಇನ್ನೊಂದು ತೊಡಕಿದೆ: ದನಿಯನ್ನ ಕುಗ್ಗಿಸದೆ ಹಾಗೇ ಇಡೋ ಮಾಮೂಲಿ ವೇವ್ ಫೈಲು 4 ಜಿಬಿ ದಾಟೋಕೆ ಆಗಲ್ಲ, ಸಿಡಿ ಗುಣಮಟ್ಟದಲ್ಲಿ ಅದು ಆರೂಮುಕ್ಕಾಲು ಗಂಟೆ, 32 ಬಿಟ್ಟಲ್ಲಿ ಅದರ ಅರ್ಧ. ಅದಕ್ಕೆ ಕ್ಯಾಸೆಟ್ಟಿನ ಒಂದೊಂದು ಮಗ್ಗುಲಿಗೆ ಒಂದೊಂದು ಫೈಲ್ ಮಾಡೋದೇ ವಾಸಿ.

ಇನ್ನು ಕತ್ತರಿಸೋ ಕೆಲಸ. ಇಲ್ಲಿ ನೋಡ್ಬೇಕಾದ್ದು ಒಂದೇ, ಮೂಲ ಫೈಲನ್ನ ಅದು ಮುಟ್ಟತ್ತಾ ಇಲ್ವಾ ಅಂತ. ಕೆಲವು ಎಡಿಟರುಗಳಲ್ಲಿ ಸೇವ್ ಒತ್ತಿದ್ರೆ ತೆರೆದ ಫೈಲಿನ ಮೇಲೇ ಬರ್ದುಬಿಡತ್ತೆ, ನೀವು ಕತ್ತರಿಸಿದ್ದು ಹೋಯ್ತು ಅಂದ್ರೆ ಹೋಯ್ತು. ಇನ್ನು ಕೆಲವು ಪ್ರಾಜೆಕ್ಟ್ ಅಂತ ಬೇರೆಯಾಗಿ ಇಟ್ಕೊಂಡು ಮೂಲವನ್ನ ಹಾಗೇ ಬಿಡತ್ತೆ. ಎರಡನೇ ಥರದ್ದೇ ಮನೆಗೆಲಸಕ್ಕೆ ಸುರಕ್ಷಿತ, ಆದ್ರೆ ಅದಕ್ಕೂ ಒಂದು ಬಲೆ ಇದೆ, ಆ ಪ್ರಾಜೆಕ್ಟನ್ನ ಸಾಮಾನ್ಯವಾಗಿ ಬೇರೆ ಯಾವ ಸಾಫ್ಟ್‌ವೇರೂ ತೆರೆಯಲ್ಲ. ನಾನು ದುಡ್ಡು ಕೊಟ್ಟಿದ್ದು ಇಂಥದಕ್ಕೇ, ಹೆಸರು ಬೇಡ. ಟ್ರಯಲ್ಲಲ್ಲಿ ಮೂರು ಕ್ಯಾಸೆಟ್ ಚಂದ ಮಾಡಿ ಎಡಿಟ್ ಮಾಡಿದ್ದೆ, ಎಕ್ಸ್‌ಪೋರ್ಟ್ ಒತ್ತಿದಾಗ ಪೂರ್ತಿ ಆವೃತ್ತಿ ಕೊಂಡ್ಕೊಳ್ಳಿ ಅಂತು, ಕೊಂಡೆ, ಮುಂದಿನ ವರ್ಷ ಕಂಪ್ಯೂಟರ್ ಬದಲಾದಾಗ ಹಳೆ ಕೀ ನಡೆಯಲಿಲ್ಲ, ಮೂರೂ ಪ್ರಾಜೆಕ್ಟ್ ಅದರ ಸ್ವಂತ ಫಾರ್ಮ್ಯಾಟಲ್ಲಿ ಕೂತಿದ್ವು, ಮತ್ತೆ ಟೇಪ್ ಹಾಕಿ ಮೊದಲಿಂದ ಶುರು ಮಾಡಿದೆ. ಆಡಾಸಿಟಿಯಲ್ಲೂ ಹಿಂದೆ ಇದಕ್ಕೆ ಸಮನಾದ ಗೋಳಿತ್ತು ಅನ್ನಿ. ಪ್ರಾಜೆಕ್ಟ್ ಅಂದ್ರೆ ಒಂದು ಚಿಕ್ಕ ಫೈಲು, ಪಕ್ಕದಲ್ಲಿ ಡೇಟಾ ಫೋಲ್ಡರು, ಜನ ಚಿಕ್ಕ ಫೈಲಷ್ಟೇ ಪೆನ್‌ಡ್ರೈವಿಗೆ ಕಾಪಿ ಮಾಡ್ಕೊಂಡು ಹೋಗಿ ಎಲ್ಲ ಕಳ್ಕೋತಿದ್ರು, 2021ರ 3.0ರಲ್ಲಿ ಎರಡನ್ನೂ ಒಂದೇ ಫೈಲ್ ಮಾಡಿದ್ರು. ಯಾವುದನ್ನೇ ಬಳಸಿ, ಟೇಪಿಂದ ಬಂದ ಕಚ್ಚಾ ದನಿಯನ್ನ ವೇವ್ ಅಥವಾ ಫ್ಲ್ಯಾಕಲ್ಲಿ ಒಂದು ಕಡೆ ತೆಗೆದಿಟ್ಬಿಡಿ. ಫ್ಲ್ಯಾಕ್ ಅಂದ್ರೆ ದನಿ ಒಂಚೂರೂ ಕಳೆಯದೆ ಜಾಗ ಮಾತ್ರ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಸೋ ಫಾರ್ಮ್ಯಾಟು.

ಈಗ ಎಲ್ಲರೂ ಆಸೆಪಡೋ ಭಾಗಕ್ಕೆ ಬರೋಣ, ಗಲಾಟೆ ತೆಗೆಯೋದು. ಒಂದೇ ಕ್ಲಿಕ್ಕಲ್ಲಿ ಕ್ಲೀನ್ ಅಂತ ಹೇಳೋದು ಇಲ್ಲೇ, ನಾವು ಮೋಸ ಹೋಗೋದೂ ಇಲ್ಲೇ.

ಒಳಗೆ ನಡೆಯೋದು ಇಷ್ಟು. ಗಲಾಟೆ ಮಾತ್ರ ಇರೋ ಎರಡು ಸೆಕೆಂಡು ತೋರಿಸಿದ್ರೆ ಸಾಫ್ಟ್‌ವೇರು ಅದನ್ನ ತಗ್ಗು ದನಿಯಿಂದ ಹಿಡಿದು ತಾರಕದವರೆಗೆ ನೂರಾರು ಸಣ್ಣ ಸಣ್ಣ ಪಟ್ಟಿ ಮಾಡ್ಕೊಳ್ಳತ್ತೆ, ಪ್ರತಿ ಪಟ್ಟಿಯಲ್ಲೂ ಗಲಾಟೆ ಎಷ್ಟಿದೆ ಅಂತ ಬರ್ಕೊಳ್ಳತ್ತೆ. ಸಾಲಾಗಿ ನೂರಾರು ನಲ್ಲಿ ಇದೆ ಅಂದ್ಕೊಳ್ಳಿ. ಆಮೇಲೆ ಇಡೀ ರೆಕಾರ್ಡಿಂಗ್ ಓಡಿಸೋವಾಗ ಯಾವ ನಲ್ಲಿಯಲ್ಲಿ ಬರೆದಿಟ್ಟಷ್ಟೇ ಹರಿವು ಇದೆಯೋ ಅದನ್ನ ತಿರುವಿ ಸಣ್ಣ ಮಾಡತ್ತೆ, ಅದಕ್ಕಿಂತ ಜಾಸ್ತಿ ಬಂದ್ರೆ ಓ ಇದು ಮಾತು ಅಂತ ಬಿಡತ್ತೆ. ಮೆಲ್ಲಗೆ ತಿರುವಿದ್ರೆ ಸೊಗಸಾಗಿರತ್ತೆ. ಜಾಸ್ತಿ ತಿರುವಿದ್ರೆ ಅಲ್ಲೊಂದು ಇಲ್ಲೊಂದು ನಲ್ಲಿ ಕ್ಷಣಕ್ಕೊಮ್ಮೆ ತೆರೆದು ಮುಚ್ಚಿ ಗುಳುಗುಳು ಅನ್ನೋಕೆ ಶುರುವಾಗತ್ತೆ. ನಾನು ಮೊದಲ ಸಲ ಹುಮ್ಮಸ್ಸಲ್ಲಿ ಸ್ಲೈಡರನ್ನ ಪೂರ್ತಿ ಎಳೆದು ಅಮ್ಮನಿಗೆ ಕೇಳಿಸಿದೆ. "ಸ್ವರ ಭಾವನದ್ದೇ ಹೌದು ಮಾರಾಯ, ಆದ್ರೆ ಕೆರೆಯೊಳಗೆ ಕೂತು ಅರ್ಥ ಹೇಳಿದ ಹಾಗೆ ಉಂಟಲ್ಲ" ಅಂದ್ರು. ಅಲ್ಲಿಂದ ಮೇಲೆ ನಾನು 6ರಿಂದ 12 ಡಿಬಿ ಒಳಗೇ ನಿಲ್ತೀನಿ, ಸ್ವಲ್ಪ ಹಿಸ್ ಉಳಿದ್ರೆ ಉಳೀಲಿ, ಕಿವಿ ಎರಡು ನಿಮಿಷದಲ್ಲಿ ಅದನ್ನ ಮರೆಯತ್ತೆ, ಗುಳುಗುಳು ಮಾತ್ರ ಮರೆಯಲ್ಲ.

ನಮ್ಮ ಸಂಗೀತಕ್ಕೆ ಇದರಲ್ಲಿ ಒಂದು ವಿಶೇಷ ಅಪಾಯ ಇದೆ, ಇಂಗ್ಲಿಷ್ ವಿಮರ್ಶೆಗಳಲ್ಲಿ ನಾನು ಇದನ್ನ ಎಲ್ಲೂ ನೋಡಲಿಲ್ಲ. ಈ ವಿಧಾನದ ಕಣ್ಣಲ್ಲಿ ಗಲಾಟೆ ಅಂದ್ರೆ ಏನು? ಒಂದೇ ಸಮನೆ ಏರಿಳಿತ ಇಲ್ಲದೆ ಇರೋ ಸದ್ದು. ಶ್ರುತಿ ಅಂದ್ರೂ ಅದೇ ತಾನೇ! ಮಾದರಿಗೆ ಅಂತ ಆರಿಸಿದ ಎರಡು ಸೆಕೆಂಡಲ್ಲಿ ಹಾರ್ಮೋನಿಯಂ ಶ್ರುತಿಯೋ ತಂಬೂರಿಯೋ ಸಣ್ಣಗೆ ಇತ್ತು ಅಂದ್ರೆ ಆ ಸಾಫ್ಟ್‌ವೇರು ಶ್ರುತಿಯನ್ನೇ ಗಲಾಟೆ ಅಂತ ತಿಳ್ಕೊಂಡು ಇಡೀ ಟೇಪಿಂದ ಹೆಕ್ಕಿ ಹೆಕ್ಕಿ ತೆಗೆಯತ್ತೆ, ಪದ್ಯ ಹಾಡೋ ಭಾಗವತರು ಬರೀ ಗಾಳಿಯಲ್ಲಿ ನಿಂತು ಹಾಡಿದ ಹಾಗೆ ಕೇಳತ್ತೆ. ಅದಕ್ಕೆ ರೆಕಾರ್ಡ್ ಬಟನ್ ಒತ್ತಿದ ಮೇಲೆ ಶ್ರುತಿ ಶುರುವಾಗೋ ಮೊದಲಿನ ಆ ಒಂದೆರಡು ಸೆಕೆಂಡು ಬಂಗಾರ, ಕತ್ತರಿಸಿ ಬಿಸಾಕ್ಬೇಡಿ. ಮಾದರಿ ತಾನೇ ಆರಿಸ್ಕೊಳ್ಳೋ ಆಟೋ ಬಟನ್ ಮಾತ್ರ ಇರೋ ಸಾಫ್ಟ್‌ವೇರು ಇಲ್ಲಿ ನಪಾಸು, ಎಷ್ಟೇ ದುಬಾರಿ ಇರ್ಲಿ.

ಕ್ಲಿಕ್ ತೆಗೆಯೋ ಟೂಲೂ ಹೀಗೆ. ಅದು ಗ್ರಾಮಫೋನ್ ತಟ್ಟೆಯ ಟಿಕ್ ಟಿಕ್ಕಿಗೆ ಮಾಡಿದ್ದು, ಥಟ್ಟಂತ ಎದ್ದು ಥಟ್ಟಂತ ಇಳಿಯೋ ಸದ್ದನ್ನ ಹುಡುಕತ್ತೆ, ಚಂಡೆ ಏಟೂ ಹಾಗೇ ಏಳೋದು. ಸೂಕ್ಷ್ಮತೆ ಜಾಸ್ತಿ ಇಟ್ರೆ ಚಂಡೆಯ ಮೊನೆ ಸವೆದು ದಪ್ಪ ರಟ್ಟಿಗೆ ಬಡಿದ ಹಾಗಾಗತ್ತೆ. ಕ್ಯಾಸೆಟ್ಟಿಗೆ ಆ ಟೂಲು ಸಾಮಾನ್ಯವಾಗಿ ಬೇಡವೇ ಬೇಡ.

ಗುಂಯ್ ಅನ್ನೋ ಕರೆಂಟ್ ಸದ್ದು ಮಾತ್ರ ನಿಜಕ್ಕೂ ಸುಲಭ. ನಮ್ಮಲ್ಲಿ ಕರೆಂಟು 50 ಹರ್ಟ್ಸಿನದು, ಅದರ ಸದ್ದು 50, 100, 150 ಹೀಗೆ ಲೆಕ್ಕ ಇಟ್ಟ ಹಾಗೆ ಕೂರತ್ತೆ, ಆ ಜಾಗಗಳಲ್ಲಿ ಸಣ್ಣ ಸಣ್ಣ ಕಚ್ಚು ಹಾಕೋ ನಾಚ್ ಫಿಲ್ಟರ್ ಇದ್ರೆ ಮುಗೀತು. ಅಮೆರಿಕದ ಟ್ಯುಟೋರಿಯಲ್ ನೋಡಿ 60 ಅಂತ ಹಾಕಿದ್ರೆ ಏನೂ ಆಗಲ್ಲ, ಅವರ ಕರೆಂಟು 60ರದ್ದು.

ದೂರದಲ್ಲಿ ಕೂತ ದೊಡ್ಡಪ್ಪನ್ನ ಹತ್ತಿರ ತರೋದು ಹೇಗೆ? ನಾರ್ಮಲೈಸ್ ಅಂತ ಇರೋದು ಎಲ್ಲವನ್ನೂ ಒಟ್ಟಿಗೆ ಏರಿಸತ್ತೆ, ಚಂಡೆ ಸೊನ್ನೆ ಮುಟ್ಟೋ ಹೊತ್ತಿಗೆ ನಿಲ್ಲತ್ತೆ, ದೊಡ್ಡಪ್ಪ ಅಲ್ಲೇ ಇರ್ತಾರೆ. ಕಂಪ್ರೆಸರ್ ಜೋರಾದ್ದನ್ನ ಅದುಮಿ ಮೆಲ್ಲಗಿರೋದಕ್ಕೆ ಜಾಗ ಕೊಡತ್ತೆ, ಜೊತೆಗೆ ಹಿಸ್ಸೂ ಮೇಲೇಳತ್ತೆ. ಇದಕ್ಕೆಲ್ಲ ಬೇರೆ ಉಪಾಯ, ಅರ್ಥ ಹೇಳೋ ಭಾಗ ಬಂದಾಗ ಕೈಯಲ್ಲೇ ಮಟ್ಟ ಏರಿಸಿ ಪದ್ಯ ಬಂದಾಗ ಇಳಿಸೋದು, ಆ ಗೆರೆ ಎಳೆಯೋ ಟೂಲಿಗೆ ಎನ್ವಲಪ್ ಅಂತಾರೆ. ಬೇಜಾರಿನ ಕೆಲಸ, ಆದ್ರೆ ಫಲಿತಾಂಶ ಇದರಲ್ಲೇ ಚಂದ.

ಇತ್ತೀಚೆಗೆ ಎಲ್ಲದಕ್ಕೂ ಎಐ ಅಂತ ಅಂಟಿಸ್ತಾರಲ್ಲ, ಅದರಲ್ಲಿ ಹುರುಳಿಲ್ಲ ಅಂತಲ್ಲ. ಹಾಡಿಂದ ದನಿ ಬೇರೆ ವಾದ್ಯ ಬೇರೆ ಮಾಡೋದು ಹಿಂದೆ ಎಡದ ಚಾನೆಲ್ಲಿಂದ ಬಲದ್ದನ್ನ ಕಳೆಯೋ ಲೆಕ್ಕದಲ್ಲಿ ನಡೀತಿತ್ತು, ನಡುವಲ್ಲಿರೋ ಗಾಯಕನ ದನಿ ಎರಡರಲ್ಲೂ ಒಂದೇ ಇರೋದ್ರಿಂದ ಅಳಿಸಿ ಹೋಗತ್ತೆ, ಆದ್ರೆ ಎರಡೂ ಕಡೆ ಒಂದೇ ದನಿ ಇರೋ ಮೋನೋ ಟೇಪಿಗೆ ಅದನ್ನ ಮಾಡಿದ್ರೆ ಎಲ್ಲವೂ ಅಳಿಸಿ ಮೌನ ಉಳಿಯತ್ತೆ. 2019ರಲ್ಲಿ ಡೀಜರ್ ಕಂಪನಿ ಸ್ಪ್ಲೀಟರ್ ಅನ್ನೋದನ್ನ ಎಲ್ಲರಿಗೂ ಬಿಟ್ಟಿತು, ಫೇಸ್‌ಬುಕ್‌ನವರ ಡೆಮಕ್ಸ್ ಕೂಡ ಬಂತು, ಇವು ಕಲಿತ ಮಾದರಿಯಿಂದ ಬೇರ್ಪಡಿಸೋದು, ಮೋನೋದಲ್ಲೂ ಕೆಲಸ ಮಾಡ್ತವೆ. ಆಡಾಸಿಟಿಗೆ ಇಂಟೆಲ್‌ನವರು ಇಂಥದನ್ನ ಪುಕ್ಕಟೆ ಪ್ಲಗಿನ್ನಾಗಿ ಕೊಟ್ಟಿದ್ದಾರೆ. ಆದ್ರೆ ಇವುಗಳಿಗೆ ಮುಖ್ಯವಾಗಿ ಗೊತ್ತಿರೋದು ಡ್ರಮ್ಸ್, ಬೇಸ್, ಹಾಡೋ ದನಿ. ಉಳಿದದ್ದೆಲ್ಲ ಇತರೆ ಅನ್ನೋ ಒಂದೇ ಚೀಲಕ್ಕೆ. ಮಾತನ್ನ ಸ್ಪಷ್ಟ ಮಾಡೋ ಎಐಗಳು ಇನ್ನೂ ಒಂದು ಹೆಜ್ಜೆ ಮುಂದೆ, ಮಾತಲ್ಲದ್ದೆಲ್ಲ ಕಸ ಅಂತಲೇ ಅವು ಕಲಿತಿರೋದು. ನನ್ನ ಹತ್ತು ನಿಮಿಷ ಕೊಟ್ಟಾಗ ದೊಡ್ಡಪ್ಪನ ದನಿ ರೇಡಿಯೋ ಸ್ಟುಡಿಯೋದಲ್ಲಿ ಕೂತ ಹಾಗೆ ಬಂತು, ಹಿಮ್ಮೇಳ ಪೂರ್ತಿ ಮಾಯ, ನಡುನಡುವೆ ಸಭೆ ನಕ್ಕಿದ್ದೂ ಮಾಯ. ಅಜ್ಜಿ ಕತೆ ಹೇಳಿದ್ದೋ ಅಪ್ಪನ ಸಂದರ್ಶನವೋ ಆದ್ರೆ ಇದು ವರ, ತಾಳಮದ್ದಳೆಗಲ್ಲ.

ಮೌನ ಸಿಕ್ಕಲ್ಲಿ ತಾನೇ ತುಂಡು ಮಾಡೋ ಆಟೋ ಸ್ಪ್ಲಿಟ್ ಬಗ್ಗೆ ಹೆಚ್ಚು ಹೇಳೋದಿಲ್ಲ, ಭಾವಗೀತೆ ಕ್ಯಾಸೆಟ್ಟಿಗೆ ಚೆನ್ನ, ಶ್ರುತಿ ನಿಲ್ಲದೆ ಇರೋ ಕಡೆ ಅದಕ್ಕೆ ಮೌನವೇ ಸಿಗಲ್ಲ. ಎಕ್ಸ್‌ಪೋರ್ಟಲ್ಲಿ ಒಂದು ಎಚ್ಚರಿಕೆ: ಎಂಪಿ3 ತೆರೆದು ಎಡಿಟ್ ಮಾಡಿ ಮತ್ತೆ ಎಂಪಿ3 ಮಾಡಿದ್ರೆ ಪ್ರತಿ ಸಲ ದನಿ ಸ್ವಲ್ಪ ಸ್ವಲ್ಪ ಸವೆಯತ್ತೆ, ಜೆರಾಕ್ಸಿನ ಜೆರಾಕ್ಸ್ ತೆಗೆದ ಹಾಗೆ. ಎಂಪಿ3 ಕೊನೇಲಿ ಒಂದೇ ಸಲ. ಮೂಲವೇ ಎಂಪಿ3 ಆಗಿದ್ದು ಬರೀ ಕತ್ತರಿಸೋದಷ್ಟೇ ಇದ್ರೆ ಎಂಪಿ3ಡೈರೆಕ್ಟ್‌ಕಟ್ ಅನ್ನೋ ಪುಟ್ಟ ಸಾಫ್ಟ್‌ವೇರ್ ಇದೆ, ಅದು ಬಿಚ್ಚಿ ಮತ್ತೆ ಎಂಪಿ3 ಮಾಡದೆಯೇ ಕತ್ತರಿಸತ್ತೆ.

ಟ್ಯಾಗ್, ಅಂದ್ರೆ ಫೈಲಿನೊಳಗೇ ಬರೆದಿಡೋ ಹೆಸರು-ವಿವರ, ಇದರ ವಿಷಯ ಕನ್ನಡದವರು ಪರೀಕ್ಷಿಸಲೇಬೇಕು. ಎಂಪಿ3 ಫೈಲಿನ ಹಳೇ ಟ್ಯಾಗ್ ಪದ್ಧತಿ ಫೈಲಿನ ಬಾಲದಲ್ಲಿರೋ 128 ಬೈಟು, ಹೆಸರಿಗೆ 30 ಅಕ್ಷರದ ಜಾಗ, ಅದೂ ಇಂಗ್ಲಿಷ್ ಥರದ ಲಿಪಿಗೆ ಮಾತ್ರ. ಕನ್ನಡದಂಥ ಲಿಪಿಗೂ ಜಾಗ ಕೊಡೋ ಯುನಿಕೋಡ್ ಬಂದಿದ್ದು ಎರಡನೇ ಪದ್ಧತಿಯಲ್ಲಿ. ಸಾಫ್ಟ್‌ವೇರು ಹಳೇದನ್ನ ಬರೆದ್ರೆ ನಿಮ್ಮ ವಾಲಿ ಮೋಕ್ಷ ಹೋಗಿ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆ ಬರತ್ತೆ. ಸರಿಯಾಗಿ ಬರೆದ್ರೂ ಕಾರಿನ ಸ್ಟೀರಿಯೋದಲ್ಲಿ ಕನ್ನಡ ಫಾಂಟ್ ಇಲ್ಲದಿದ್ರೆ ಡಬ್ಬಿ ಡಬ್ಬಿ ಕಾಣತ್ತೆ, ಅದು ಸಾಫ್ಟ್‌ವೇರಿನ ತಪ್ಪಲ್ಲ. ನಾನು ಕನ್ನಡದಲ್ಲಿ ಟ್ಯಾಗ್ ಹಾಕಿ, ಫೈಲಿನ ಹೆಸರನ್ನ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಕ್ರಮಸಂಖ್ಯೆ ಜೊತೆ ಕೊಡ್ತೀನಿ.

ಸರಿ, ಹೆಸರುಗಳು. ಆಡಾಸಿಟಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡೊಮಿನಿಕ್ ಮಜೋನಿ ಮತ್ತು ರೋಜರ್ ಡ್ಯಾನೆನ್‌ಬರ್ಗ್ ಶುರುಮಾಡಿದ್ದು, 2000ದಲ್ಲಿ ಹೊರಬಂತು, ಪುಕ್ಕಟೆ, ಮುಕ್ತ ಸಾಫ್ಟ್‌ವೇರ್. 2021ರಲ್ಲಿ ಮ್ಯೂಸ್ ಗ್ರೂಪ್ ತಗೊಂಡಾಗ ಮಾಹಿತಿ ಸಂಗ್ರಹದ ಬಗ್ಗೆ ದೊಡ್ಡ ಗದ್ದಲ ಆಯ್ತು, ಬಳಕೆಯ ಲೆಕ್ಕ ಕಳಿಸೋ ಯೋಜನೆ ಕೈಬಿಟ್ರು. ನೋಡೋಕೆ ಚಂದ ಇಲ್ಲ, ಸಿಡಿ ಬರೆಯಲ್ಲ, ಆದ್ರೆ ಮೇಲೆ ಹೇಳಿದ ಕೆಲಸ ಹೆಚ್ಚಿನದು ಮಾಡತ್ತೆ, ಮುಖ್ಯವಾಗಿ ಗಲಾಟೆಯ ಮಾದರಿ ನೀವೇ ಆರಿಸಬಹುದು. ಓಸೆನ್‌ಆಡಿಯೋ ಬ್ರೆಜಿಲ್‌ನ ಸಾಂತಾ ಕತರೀನ ವಿಶ್ವವಿದ್ಯಾಲಯದ ಸಂಶೋಧಕರಿಂದ ಬಂದಿದ್ದು, ಅದೂ ಪುಕ್ಕಟೆ, ಕಲಿಯೋಕೆ ಇನ್ನೂ ಸುಲಭ, ಆದ್ರೆ ಒಂದರ ಮೇಲೊಂದು ಟ್ರ್ಯಾಕ್ ಕೂರಿಸೋಕೆ ಆಗಲ್ಲ. ಮ್ಯಾಕ್ ಇದ್ದೋರಿಗೆ ಗ್ಯಾರೇಜ್‌ಬ್ಯಾಂಡ್ ಸಿಗತ್ತೆ, ಅದು ಹಾಡು ಕಟ್ಟೋರಿಗೆ ಮಾಡಿದ್ದು, ಟೇಪ್ ತೊಳೆಯೋಕಲ್ಲ. ರೀಪರ್ ವಿನ್ಆಂಪ್ ಮಾಡಿದ ಜಸ್ಟಿನ್ ಫ್ರಾಂಕೆಲ್ ಅವರದ್ದು, 60 ದಿನ ಪೂರ್ತಿ ಬಳಸಿ ನೋಡಬಹುದು, ಮನೆ ಬಳಕೆಯ ಲೈಸೆನ್ಸ್ 60 ಡಾಲರ್, ಕಲಿಯೋಕೆ ತಾಳ್ಮೆ ಬೇಕು. ಹಳೇ ಕೂಲ್ ಎಡಿಟ್ ಪ್ರೋ ನೆನಪಿದ್ರೆ ಅದೇ 2003ರಲ್ಲಿ ಅಡೋಬಿ ಕೊಂಡು ಆಡಿಷನ್ ಮಾಡಿದ್ದು. ಟೂಲು ಅದ್ಭುತ, ಆದ್ರೆ ಚಂದಾ ಕಟ್ಟೋದು ನಿಂತ ದಿನ ಬಾಗಿಲು ಮುಚ್ಚತ್ತೆ, ಡಬ್ಬಿ ಕ್ಯಾಸೆಟ್ಟಿಗೆ ಅಷ್ಟು ಬೇಕಾ ಅಂತ ನೀವೇ ಲೆಕ್ಕ ಹಾಕಿ. ಯಾವುದೇ ಆದ್ರೂ ಅದರ ಸ್ವಂತ ಸೈಟಿಂದಲೇ ಇಳಿಸ್ಕೊಳ್ಳಿ, ಹುಡುಕಿದಾಗ ಮೇಲೆ ಬರೋ ಜಾಹೀರಾತಿನ ದೊಡ್ಡ ಹಸಿರು ಡೌನ್‌ಲೋಡ್ ಬಟನ್ ಒತ್ತಿದ್ರೆ ಜೊತೆಗೆ ಇನ್ನೇನೇನೋ ಬಂದು ಕೂರತ್ತೆ.

ಹತ್ತು ನಿಮಿಷದ ಪರೀಕ್ಷೆಯನ್ನ ಎಲ್ಲಿ ಮುಗಿಸ್ಬೇಕು ಅನ್ನೋದೂ ಮುಖ್ಯ. ಹೆಡ್‌ಫೋನಲ್ಲಿ ನೀವು ಕೇಳಿ ಮುಗಿಸೋದಲ್ಲ, ಕೇಳೋರು ಎಲ್ಲಿ ಕೇಳ್ತಾರೋ ಅಲ್ಲಿ. ಅಮ್ಮ ಕೇಳೋದು ಅಡುಗೆಮನೆಯ ಅಂಗೈಯಗಲದ ಬ್ಲೂಟೂತ್ ಸ್ಪೀಕರಲ್ಲಿ, ಒಗ್ಗರಣೆ ಸದ್ದಿನ ನಡುವೆ. ಅಷ್ಟು ಸಣ್ಣ ಸ್ಪೀಕರಿಗೆ 50 ಹರ್ಟ್ಸಿನ ತಗ್ಗು ಸದ್ದು ಹೊರಡಿಸೋ ತಾಕತ್ತೇ ಇರಲ್ಲ. ನಾನು ಅಷ್ಟು ಮುತುವರ್ಜಿಯಿಂದ ತೆಗೆದ ಆ ತಗ್ಗು ಗುಂಯ್ ಅವರಿಗೆ ಮೊದಲಿಂದಲೂ ಕೇಳಿಸ್ತಾನೇ ಇರಲಿಲ್ಲವಂತೆ.